ದೇವರು ಮೊದಲು ಉಂಡ ಟೊಮೆಟೊ ಸಾಸು

ನಮ್ಮ ಸೋದರತ್ತೆಯ ನಾಲಿಗೆ ಇರುವುದು ಮೂಗಿನಲ್ಲಿ ಎಂದರೆ ನೀವು ನಂಬುವುದಿಲ್ಲ. ಬಾಯಲ್ಲಿಯೂ ಒಂದು ಇದೆ, ಇಲ್ಲವೆನ್ನುವುದಿಲ್ಲ. ಆದರೆ ಅದನ್ನು ಅವಳು ಇಟ್ಟುಕೊಂಡಿರುವುದು ಬೈಯುವುದಕ್ಕೆ. ಅಡುಗೆಯ ರುಚಿ ನೋಡುವ ಕೆಲಸವನ್ನೆಲ್ಲ ಮೂಗಿಗೆ ವಹಿಸಿ, ನಾಲಿಗೆಗೆ ಒಂದೇ ಖಾತೆ ಕೊಟ್ಟವಳು ಇಡೀ ಶಹಾಪುರದಲ್ಲಿ ಅವಳೊಬ್ಬಳೇ ಇರಬೇಕು.

ಅವಳು ನಮ್ಮಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದಳು, ಬಂದವಳೇ ಅಡುಗೆಮನೆ ಹಿಡಿದಳು. ನಮ್ಮವ್ವನಿಗೆ ಒಲೆಯೆಂದರೆ ಮೊದಲೇ ಅಷ್ಟಕ್ಕಷ್ಟೇ. "ಪುಣ್ಯಾ ಬರ್ಲಿ ನಿನಗ" ಎಂದು ಸೌಟು ಕೈಗೆ ಕೊಟ್ಟು ಹೊರಗೆ ಬಂದುಬಿಟ್ಟಳಂತೆ. ಈಗ ಅಪ್ಪ, ಅವ್ವ ಇಬ್ಬರೂ ಇಲ್ಲ. ಮನೆಯಲ್ಲಿ ಅಣ್ಣ, ವೈನಿ, ಕಾಲೇಜಿಗೆ ಹೋಗುವ ಅವರ ಮಗಳು ಅಶ್ವಿನಿ, ಮತ್ತು ಅತ್ತೆ. ನಾನು ಯಾದಗಿರಿಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತ, ಸೂಟಿ ಬಿದ್ದಾಗ ತವರಿಗೆ ಓಡಿಬರುವವಳು. ಬಂದಾಗ ಮೊದಲು ಕಾಣುತ್ತಿದ್ದದ್ದು ಅತ್ತೆಯ ಬೆನ್ನು. ಮುಖ ಯಾವಾಗಲೂ ಒಲೆಯ ಕಡೆಗೇ ಇರುತ್ತಿತ್ತು.

ಅತ್ತೆಯದೊಂದು ನೇಮ. ದೇವರಿಗೆ ಎಡೆ ಹಿಡಿಯುವ ತನಕ ಅಡುಗೆಯನ್ನು ಯಾರೂ ಬಾಯಿಗೆ ಹಾಕುವಂತಿಲ್ಲ, ಮಾಡುವವರೂ ಕೂಡ. ಹಾಕಿದರೆ ಅದು ಎಂಜಲು. ಈ ನೇಮ ನಮ್ಮ ಕಡೆ ಎಷ್ಟೋ ಮನೆಗಳಲ್ಲಿದೆ. ಆದರೆ ಉಳಿದವರೆಲ್ಲ ದೇವರು ಅತ್ತ ನೋಡುವಾಗ ಅಂಗೈ ಮೇಲೆ ಒಂದು ಹನಿ ಹಾಕಿಕೊಂಡು ನೆಕ್ಕಿಬಿಡುತ್ತಾರೆ. (ನಮ್ಮ ಮನೆಯಲ್ಲಿ ಹಾಗಿಲ್ಲಪ್ಪ ಎನ್ನುವವರು ಎದೆ ಮುಟ್ಟಿಕೊಂಡು ಹೇಳಿ, ನೋಡೋಣ.) ಅತ್ತೆ ಹಾಗಲ್ಲ. ಕುದಿಯುವ ಬೇಳೆಯ ಮೇಲೆ ಬಗ್ಗಿ, ಸೆರಗಿನಿಂದ ಉಗಿಯನ್ನು ಮುಖದ ಕಡೆ ಬೀಸಿಕೊಂಡು, ಕಣ್ಣು ಮುಚ್ಚಿ ಉಸಿರೆಳೆಯುತ್ತಿದ್ದಳು. "ಚಿಟಿಕಿ ಉಪ್ಪ ಕಮ್ಮಿ ಅದ" ಎನ್ನುತ್ತಿದ್ದಳು. ಹಾಕುತ್ತಿದ್ದಳು. ಊಟಕ್ಕೆ ಕೂತರೆ ಉಪ್ಪು ಅಳೆದು ಹಾಕಿದಂತಿರುತ್ತಿತ್ತು.

"ಉಪ್ಪಿಗಿ ವಾಸನಿ ಇರಂಗಿಲ್ಲ ಅತ್ತಿ. ನಾ ಸಾಲ್ಯಾಗ ಇದನ್ನ ಪಾಠ ಮಾಡ್ತೀನಿ" ಎಂದು ಒಮ್ಮೆ ಹೇಳಿದೆ.

"ಉಪ್ಪಿಗಿಲ್ಲ ಬೇ. ಉಪ್ಪ ಬಿದ್ದ ಬ್ಯಾಳಿಗಿ ಅದ. ನಿಮ್ಮ ಸಾಲ್ಯಾಗ ಬ್ಯಾಳಿ ಕುದಸ್ತಾರೇನು?"

ಕುದಿಸುತ್ತಾರೆ, ಬಿಸಿಯೂಟಕ್ಕೆ. ಆದರೂ ನಾನು ಬಾಯಿ ಮುಚ್ಚಿಕೊಂಡೆ. ಅತ್ತೆಯ ಎದುರು ವಾದ ಮಾಡಿ ಗೆದ್ದವರು ನಮ್ಮ ಮನೆತನದಲ್ಲಿ ಇನ್ನೂ ಹುಟ್ಟಿಲ್ಲ.

ಸುರಪುರದಲ್ಲಿ ನಮ್ಮ ಬಳಗದವರದೊಂದು ಮದುವೆ. ಚಪ್ಪರದ ಹಿಂದೆ ದೊಡ್ಡ ಹಂಡೆಯಲ್ಲಿ ಗೋಧಿ ಹುಗ್ಗಿ ಕುದಿಯುತ್ತಿತ್ತು. ಅತ್ತೆ ಚಪ್ಪರದ ಈ ತುದಿಯಲ್ಲಿ ಹೆಂಗಸರ ನಡುವೆ ಕೂತು ಹರಟೆ ಹೊಡೆಯುತ್ತಿದ್ದವಳು ತಟ್ಟನೆ ಎದ್ದು, ಸೀದಾ ಅಡುಗೆಯವರ ಹತ್ತಿರ ಹೋಗಿ, "ತಳ ಹಿಡಿಯಾಕತ್ತದ, ಬೆಂಕಿ ಎಳೀರಿ" ಎಂದಳು. ಸೌಟು ತಿರುವುತ್ತಿದ್ದವನು ತಳ ಕೆದಕಿ ನೋಡಿದ. ಹೌದು, ಹಿಡಿಯುತ್ತಿತ್ತು. "ಆಯಿ, ನಾವು ಹಂಡೇದ ಮ್ಯಾಲೇ ನಿಂತೀವಿ, ನಮಗ ಗೊತ್ತಾಗಿಲ್ಲ. ಅಷ್ಟು ದೂರದಿಂದ ನಿಮಗ ಹೆಂಗ ಬಂತ್ರಿ?" ಎಂದು ಕೇಳಿದ.

"ನೀವು ಬೀಡಿ ಸೇದಾಕತ್ತೀರಿ, ನಾ ಸೇದಂಗಿಲ್ಲ" ಎಂದು ಹೇಳಿ ಅತ್ತೆ ತಿರುಗಿ ಬಂದು ಬಿಟ್ಟಲ್ಲಿಂದಲೇ ಹರಟೆ ಮುಂದುವರಿಸಿದಳು.

ಇನ್ನು ಅಣ್ಣನ ಕಥೆ. ನಮ್ಮದು ಮೊಟ್ಟೆಯನ್ನೂ ಮುಟ್ಟದ ಮನೆ. ಅಣ್ಣ ಒಮ್ಮೆ ಅಂಗಡಿಯ ಕೆಲಸಕ್ಕೆಂದು ಗುರುಮಠಕಲ್‌ಗೆ ಹೋದವನು ಅಲ್ಲಿನ ಗೆಳೆಯರ ಜೊತೆ ಆಮ್ಲೆಟ್ ತಿಂದ. ತಿಂದ ಮೇಲೆ ಅತ್ತೆಯ ನೆನಪಾಯಿತು. ಬಾಯಿ ಮುಕ್ಕಳಿಸಿದ, ಪಾನ್ ಹಾಕಿದ, ಬಸ್ಸಿನ ದಾರಿಯುದ್ದಕ್ಕೂ ಲವಂಗ ಅಗಿಯುತ್ತ ಬಂದ. ಬಾಗಿಲಲ್ಲಿ ಅತ್ತೆ ನಿಂತಿದ್ದಳು. ಅವನು ಚಪ್ಪಲಿ ಬಿಡುವುದರೊಳಗೆ ಒಮ್ಮೆ ಮೂಗು ಮೇಲೆ ಮಾಡಿದಳು. ಆಮೇಲೆ ಬಹಳ ಶಾಂತವಾಗಿ ಕೇಳಿದಳು:

"ಲವಂಗದ ಹಿಂದ ಏನದ?"

ಅಣ್ಣ ಅವತ್ತು ಅಂಗಳದಲ್ಲೇ ಸ್ನಾನ ಮಾಡಿದ. ಆ ಮಾತು ನಮ್ಮ ಮನೆಯಲ್ಲಿ ಗಾದೆಯಾಯಿತು. ಯಾರಾದರೂ ಏನಾದರೂ ಮುಚ್ಚಿಡುತ್ತಿದ್ದಾರೆ ಎನಿಸಿದರೆ, "ಲವಂಗದ ಹಿಂದ ಏನದ?" ಎಂದರೆ ಸಾಕು, ಎಲ್ಲ ಹೊರಗೆ ಬರುತ್ತದೆ.

ಬಜಾರದಲ್ಲಿಯೂ ಇದೇ ಮೂಗಿನ ದರಬಾರು. ಕಾಯಿಪಲ್ಯ ಮಾರುವ ಮಲ್ಲಮ್ಮನ ಮುಂದೆ ಕೂತು ಒಂದೊಂದೇ ಟೊಮೆಟೊ ಎತ್ತಿ, ತೊಟ್ಟಿನ ಕಡೆ ಮೂಸಿ, ಬೇಕಾದ್ದನ್ನು ಬಲಕ್ಕೆ, ಬೇಡವಾದ್ದನ್ನು ಎಡಕ್ಕೆ ಇಡುತ್ತಿದ್ದಳು. "ಟಮಾಟಿ ಅವ ಆಯಿ, ಮಲ್ಲಿಗಿ ಹೂ ಅಲ್ಲ, ಮೂಸಾಕ" ಎಂದು ಮಲ್ಲಮ್ಮ ರೇಗುತ್ತಿದ್ದಳು. ಬರಬರುತ್ತ ಬೇರೆ ಗಿರಾಕಿಗಳು ಅತ್ತೆಯ ಬಲಗಡೆಯ ಗುಂಪಿಗೇ ಕೈ ಹಾಕತೊಡಗಿದರು. ಆಮೇಲೆ ಮಲ್ಲಮ್ಮ ರೇಗುವುದನ್ನು ಬಿಟ್ಟು ಅತ್ತೆಗೆ ಕೂರಲು ಒಂದು ಸಣ್ಣ ಸ್ಟೂಲು ತಂದಿಟ್ಟಳು.

ಇಂಥ ಮೂಗು ಕಳೆದ ವರ್ಷದ ಜ್ವರದಲ್ಲಿ ಹೋಯಿತು.

ಮೂಗು ಇದ್ದಲ್ಲಿಯೇ ಇತ್ತು, ವಾಸನೆ ಹೋಯಿತು. ಜ್ವರ ಇಳಿಯಿತು, ನೆಗಡಿ ನಿಂತಿತು, ಅತ್ತೆ ಎದ್ದು ಒಲೆಯ ಮುಂದೆ ಬಂದಳು. ವಾಸನೆ ಮಾತ್ರ ಹಿಂದಿರುಗಲಿಲ್ಲ. ಅವಳು ಯಾರಿಗೂ ಹೇಳಲಿಲ್ಲ. ಬೇಳೆಗೆ ಒಮ್ಮೆ ಉಪ್ಪೇ ಬೀಳಲಿಲ್ಲ, ಇನ್ನೊಮ್ಮೆ ಎರಡು ಸಲ ಬಿತ್ತು. "ಉಪ್ಪಿನ ಕಂಪನಿ ಬದಲಾಗ್ಯದ" ಎಂದಳು. ಪಕ್ಕದಲ್ಲೇ ಕೂತು ಶೇಂಗಾ ಸುಲಿಯುತ್ತಿದ್ದಾಗ ಹಾಲು ಹೊತ್ತಿ ಹೋಯಿತು. "ಎಮ್ಮಿಗಿ ಏನ್ ತಿನಸ್ಯಾರೋ ಏನೋ" ಎಂದಳು. ಒಂದು ದಿನ ಒಲೆ ಆರಿ, ಗ್ಯಾಸು ಮಾತ್ರ ಸುಂಯ್ ಎಂದು ಬರುತ್ತಿತ್ತು. ಅತ್ತೆ ಅಲ್ಲೇ ನಿಂತು ರೊಟ್ಟಿ ಹಿಟ್ಟು ನಾದುತ್ತಿದ್ದಳು. ಹೊರಗಿನಿಂದ ಬಂದ ಅಣ್ಣ ಬಾಗಿಲಲ್ಲೇ ವಾಸನೆ ಹಿಡಿದು ಓಡಿಹೋಗಿ ಬಂದ್ ಮಾಡಿದ.

ಮರುದಿನ ವೈನಿ ಬಹಳ ಮೆತ್ತಗೆ, "ಅತ್ತೀರ, ಇಷ್ಟು ವರ್ಷ ಮಾಡೀರಿ. ಇನ್ ಕುಂದರ್ರಿ" ಎಂದಳು. ವೈನಿ ಕೆಟ್ಟವಳಲ್ಲ. ಆಗ ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ವಯಸ್ಸಾಯಿತು, ಮರೆವು ಬಂದಿದೆ ಎಂದು ಎಲ್ಲರೂ ತಿಳಿದರು. ಅತ್ತೆ ಪಡಸಾಲೆಯಲ್ಲಿ ಬೇಳೆ ಆರಿಸುತ್ತ ಕೂತಳು. ಬೈಗುಳವೂ ಕಡಿಮೆಯಾಯಿತು ಎಂದು ಅಶ್ವಿನಿ ಫೋನಿನಲ್ಲಿ ಹೇಳಿದಾಗ ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ದಸರೆಯ ಸೂಟಿಗೆ ಹೋದೆ. ಯಾದಗಿರಿಯಲ್ಲಿ ಕೊಂಡ ಮಲ್ಲಿಗೆ ದಂಡೆ ಬಸ್ಸಿನ ಸೆಕೆಗೆ ಪ್ಲಾಸ್ಟಿಕ್ ಚೀಲದಲ್ಲೇ ಬೆಂದು, ಬಿಚ್ಚಿದರೆ ಕೊಳೆತ ನಾತ. ಎಸೆಯಬೇಕು ಎನ್ನುವುದರೊಳಗೆ ಅತ್ತೆ ಕೈ ಚಾಚಿ ತೆಗೆದುಕೊಂಡು, ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, "ಏನ್ ಘಮಾ ಅದ ಬೇ" ಎಂದಳು.

ಅವಳು ಕಣ್ಣು ತೆರೆದು ನನ್ನ ಮುಖ ನೋಡಿದಳು. ಸಿಕ್ಕಿಬಿದ್ದೆ ಎಂದು ಅವಳಿಗೆ ಗೊತ್ತಾಯಿತು.

"ಲವಂಗದ ಹಿಂದ ಏನದ ಅತ್ತಿ?" ಎಂದೆ.

ದಂಡೆಯನ್ನು ಮಡಿಲಲ್ಲಿಟ್ಟುಕೊಂಡಳು. "ಏನೂ ಬರವಲ್ದು" ಎಂದಳು ಆಮೇಲೆ. "ಒಗ್ಗರಣಿ ಬರವಲ್ದು, ಊದಿನಕಡ್ಡಿ ಬರವಲ್ದು. ಯಾರಿಗೂ ಹೇಳಬ್ಯಾಡ. ವಯಸ್ಸಾಗ್ಯದ ಅಂತ ತಿಳ್ಕೊಂಡಾರ, ತಿಳ್ಕೊಳ್ಳಿ. ವಯಸ್ಸ ಎಲ್ಲಾರಿಗೂ ಆಗ್ತದ. ಹಬ್ಬಕ್ಕರ ಒಮ್ಮಿ ಸೌಟ ಕೊಟ್ಟಾರು. ಮೂಗೇ ಹೋಗ್ಯದ ಅಂದ್ರ ಮತ್ತ ಯಾರ್ ಕೊಡ್ತಾರ ನನಗ?"

ಒಪ್ಪಿಸಿ ಯಾದಗಿರಿಯ ಡಾಕ್ಟರ ಹತ್ತಿರ ಕರೆದೊಯ್ದೆ. ಮನೆಯಲ್ಲಿ ಮೊಣಕಾಲು ನೋವು ಎಂದು ಹೇಳಿದೆವು. ವಾಸನೆ ತಿರುಗಿ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. "ಇದನ್ನ ನಾನೂ ಹೇಳ್ತಿದ್ದೆ" ಎಂದು ಅತ್ತೆ ಹೊರಗೆ ಬಂದು ಬೈದಳು. ಬಹಳ ದಿನಗಳ ಮೇಲೆ ಅವಳು ಬೈದದ್ದು ಕೇಳಿ ನನಗೆ ಸ್ವಲ್ಪ ಸಮಾಧಾನವಾಯಿತು.

ಮರಳಿ ಶಹಾಪುರಕ್ಕೆ ಬಂದ ಮೇಲೆ ನಮ್ಮ ಮನೆಗೆ ಪಾಸ್ತಾ ಬಂತು. ಅಶ್ವಿನಿ ಕಾಲೇಜಿನಿಂದ ಬರುವಾಗ ಒಂದು ಪಾಕೀಟು ತಂದು, ಇದಕ್ಕೆ ಟೊಮೆಟೊ ಸಾಸು ಮನೆಯಲ್ಲೇ ಮಾಡಬೇಕೆಂದು ಹಟ ಹಿಡಿದಳು. ಅಂದು ವೈನಿ ಸುರಪುರದ ತನ್ನ ತವರಿಗೆ ಹೊರಟು ನಿಂತಿದ್ದಳು. "ನನಗ ಬರಂಗಿಲ್ಲವಾ, ನಿಮ್ಮ ಅತ್ತಿನ್ನ ಕೇಳು" ಎಂದು ನನ್ನ ಕಡೆ ತೋರಿಸಿ, ರಾತ್ರಿ ಊಟಕ್ಕೆ ಬರುತ್ತೇನೆ ಎಂದು ಬಸ್ಸು ಹತ್ತಿದಳು. ನನಗೂ ಬರುವುದಿಲ್ಲ. ಅಷ್ಟರಲ್ಲಿ ಪಡಸಾಲೆಯಿಂದ ಒಂದು ಪ್ರಶ್ನೆ ಬಂತು:

"ಆ ಸಾಸು ಅಂಬೋದು ಹೆಂಗಿರ್ತದ?"

"ಯಾರಿಗ್ ಗೊತ್ತ ಆಯಿ? ಈ ಮನ್ಯಾಗ ಯಾರೂ ತಿಂದಿಲ್ಲ" ಎಂದಳು ಅಶ್ವಿನಿ.

"ನಿಮ್ಮಪ್ಪ?"

"ಇಲ್ಲ."

"ನಿಮ್ಮವ್ವ?"

"ಯಾರೂ ಇಲ್ಲ ಆಯಿ."

ಅತ್ತೆ ಬೇಳೆಯ ಮೊರ ಪಕ್ಕಕ್ಕಿಟ್ಟು ಎದ್ದಳು. "ಹಂಗಾರ ನಾ ಮಾಡ್ತೀನಿ."

ಅವಳ ಲೆಕ್ಕ ನನಗೆ ಆ ಕ್ಷಣಕ್ಕೇ ಅರ್ಥವಾಯಿತು. ಬೇಳೆ ಕೆಟ್ಟರೆ ಓಣಿಯ ಕೂಸೂ ಹೇಳುತ್ತದೆ. ಸರಿ ಯಾವುದು ಎಂದೇ ಯಾರಿಗೂ ಗೊತ್ತಿಲ್ಲದ ಅಡುಗೆಯಲ್ಲಿ ತಪ್ಪು ಯಾರು ಹಿಡಿಯುತ್ತಾರೆ? ಒಲೆಯ ಮುಂದೆ ಮತ್ತೆ ನಿಲ್ಲಲು ಅವಳಿಗೆ ಇದ್ದದ್ದು ಇದೊಂದೇ ಕಳ್ಳದಾರಿ.

ಬಜಾರಕ್ಕೆ ಇಬ್ಬರೂ ಹೋದೆವು. ಮಲ್ಲಮ್ಮ ಸ್ಟೂಲು ಹಾಕಿದಳು. ಅತ್ತೆ ಹಿಂದಿನಂತೆಯೇ ಒಂದೊಂದೇ ಟೊಮೆಟೊ ಎತ್ತಿ, ಮೂಸಿ, ಎಡಕ್ಕೆ ಬಲಕ್ಕೆ ಇಟ್ಟಳು. ಮೂಸುವ ಗತ್ತು ಮೊದಲಿನದೇ. ಆದರೆ ಬಲಗಡೆಯ ಗುಂಪಿನಲ್ಲಿ ಹಿಂಬದಿ ಕೊಳೆತವು ಬಂದವು. ಮಲ್ಲಮ್ಮ ನೋಡಿದಳು, ನನ್ನ ಕಡೆಯೂ ಒಮ್ಮೆ ನೋಡಿದಳು. ಚೀಲಕ್ಕೆ ಹಾಕುವಾಗ ಕೊಳೆತದ್ದನ್ನು ಬುಟ್ಟಿಯ ಹಿಂದೆ ಬಿಟ್ಟು ಒಳ್ಳೆಯದನ್ನು ಸೇರಿಸಿದಳು. "ಆಯಿ ಆರಿಸಿದ ಮ್ಯಾಲ ಕೇಳೂದೇನದ, ಎಲ್ಲಾ ಚಲೋವೇ" ಎಂದಳು. ಅವಳ ಋಣ ನಾನು ಹೇಗೆ ತೀರಿಸಲಿ?

ಅಡುಗೆಮನೆಯಲ್ಲಿ ಗ್ಯಾಸು ಹಚ್ಚಿದವಳು ಅಶ್ವಿನಿ. ಫೋನಿನ ವಿಡಿಯೋದಲ್ಲಿ ಒಬ್ಬ ಹುಡುಗ ಹಿಂದಿಯಲ್ಲಿ ಹೇಳುತ್ತಿದ್ದ, ನಾನು ಕನ್ನಡದಲ್ಲಿ ಹೇಳುತ್ತಿದ್ದೆ, ಅತ್ತೆ ಇಬ್ಬರನ್ನೂ ಬೈಯುತ್ತಿದ್ದಳು. ಪಾಕೀಟಿನಲ್ಲಿದ್ದ ಕೊಳವೆಯಂಥ ಪಾಸ್ತಾವನ್ನು ಸಂಡಿಗೆಯ ಜಾತಿ ಎಂದುಕೊಂಡು ಮೊದಲು ಒಂದನ್ನು ಕಾದ ಎಣ್ಣೆಗೆ ಬಿಟ್ಟಳು. ಅದು ಅರಳಲಿಲ್ಲ, ಕರಕಾಯಿತು. "ಕೆಟ್ಟ ಮಾಲ ಅದ, ತಿರುಗಿ ಕೊಟ್ಟ ಬಾ" ಎಂದಳು. ಅದನ್ನು ನೀರಿನಲ್ಲಿ ಕುದಿಸಬೇಕೆಂದು ಒಪ್ಪಿಸುವಷ್ಟರಲ್ಲಿ ಸಾಕುಬೇಕಾಯಿತು. ಟೊಮೆಟೊವನ್ನು ಬಿಸಿನೀರಲ್ಲಿ ಅದ್ದಿ ಸಿಪ್ಪೆ ತೆಗೆಯಬೇಕು ಎಂದಾಗ, "ಇನ್ನ ನೀರಿಂದೂ ಸಿಪ್ಪಿ ತಗೀರಿ ಅಂತಾನ ಇಂವ" ಎಂದಳು. ಆದರೂ ತೆಗೆದಳು. ಹುಡುಗ ಹೇಳಿದ ದುಬಾರಿ ಎಣ್ಣೆ ನಮ್ಮಲ್ಲಿರಲಿಲ್ಲ. ಕುಸುಬಿ ಎಣ್ಣೆ ಬಿತ್ತು. ಜಜ್ಜಿದ ಬೆಳ್ಳುಳ್ಳಿ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಅದರ ಮೇಲೆ ಹಿಸುಕಿದ ಟೊಮೆಟೊ. ಉರಿ ಸಣ್ಣದು ಮಾಡಿ ಬಿಟ್ಟೆವು.

ಕೊನೆಗೆ ಹಾಕುವ ಎಲೆಯ ಬಗ್ಗೆ ಜಗಳವಾಯಿತು. ಆ ಎಲೆ ನಮ್ಮ ಹಿತ್ತಲಲ್ಲಿ ಅತ್ತೆಯೇ ಬೆಳೆಸಿದ ಕಾಮಕಸ್ತೂರಿಯ ಜಾತಿಯದು ಎಂದು ನಾನು ಹೇಳಿದೆ. ನಾನು ಸಣ್ಣವಳಿದ್ದಾಗ ಅತ್ತೆ ನನಗೆ ಹೆರಳು ಹಾಕಿ, ಮಲ್ಲಿಗೆಯ ನಡುನಡುವೆ ಅದರ ಕುಡಿ ಸಿಕ್ಕಿಸಿ ಸಾಲೆಗೆ ಕಳಿಸುತ್ತಿದ್ದಳು.

"ತಲ್ಯಾಗ ಮುಡಿಯೋದನ್ನ ಪಲ್ಯಾದಾಗ ಹಾಕ್ತಾರೇನು? ಹಂಗಾರ ಉಳದ ಸಾಸು ಹೆರಳಿಗಿ ಹಚ್ಕೊಳ್ರಿ" ಎಂದಳು ಅತ್ತೆ. ಬೈಯುತ್ತಲೇ ಹಿತ್ತಲಿಗೆ ಹೋಗಿ ಕುಡಿ ಚಿವುಟಿ ತಂದಳು.

ನಿಜವಾದ ಕಷ್ಟ ಬಂದದ್ದು ಆಮೇಲೆ. ಸಾಸು ಕುದಿಯುತ್ತಿದೆ. ಅತ್ತೆ ಅಭ್ಯಾಸದಂತೆ ಬಗ್ಗಿದಳು, ಸೆರಗು ಬೀಸಿದಳು, ಕಣ್ಣು ಮುಚ್ಚಿ ಉಸಿರೆಳೆದಳು. ಕಣ್ಣು ತೆರೆಯಲೇ ಇಲ್ಲ. ಅವಳ ಮುಖ ನೋಡಲಾಗದೆ ನಾನು ಪಾತ್ರೆ ನೋಡಿದೆ.

"ನಾ ಬಾಯಾಗ್ ಹಾಕ್ಕೊಂಡ ನೋಡ್ಲೇನು ಅತ್ತಿ?"

"ಎಂಜಲ ಮಾಡಬ್ಯಾಡ."

ಆಮೇಲೆ ಅತ್ತೆ ಒಂದು ಸಣ್ಣ ಬಟ್ಟಲು ತೆಗೆದುಕೊಂಡು, ಅದರಲ್ಲಿ ಒಂದು ಚಮಚ ಸಾಸು ಹಾಕಿ, ದೇವರ ಜಗಲಿಯ ಮುಂದೆ ಇಟ್ಟು ಕೈಮುಗಿದಳು. ನಿಂತಂತೆಯೇ ಬಟ್ಟಲು ಎತ್ತಿ, ಕಣ್ಣಿಗೊತ್ತಿಕೊಂಡು, ಬೆರಳಿನಿಂದ ಬಳಿದು ನಾಲಿಗೆಯ ಮೇಲೆ ಇಟ್ಟುಕೊಂಡಳು. ಈಗ ಅದು ಎಂಜಲಲ್ಲ, ಪ್ರಸಾದ!

ಅವಳು ಮುಖ ಕಿವುಚಿದಳು. "ಹುಳಿ" ಎಂದಳು. ವಾಸನೆ ಹೋದಾಗಿನಿಂದ ಉಂಡದ್ದನ್ನೆಲ್ಲ ಸಪ್ಪೆಯೆಂದೇ ಗಮನವಿಲ್ಲದೆ ನುಂಗುತ್ತಿದ್ದವಳು ಇನ್ನೊಮ್ಮೆ, ಆಶ್ಚರ್ಯದಿಂದ, "ಹುಳಿ ಗೊತ್ತಾಗಾಕತ್ತದ ಬೇ" ಎಂದಳು.

ಮೂಗು ಹೋದರೂ ನಾಲಿಗೆಗೆ ಹುಳಿ, ಉಪ್ಪು, ಸಿಹಿ ತಿಳಿಯುತ್ತವೆ. ಇದನ್ನೂ ನಾನು ಸಾಲೆಯಲ್ಲಿ ಪಾಠ ಮಾಡುತ್ತೇನೆ. ಆದರೆ ಬೈಯುವುದಕ್ಕೆಂದೇ ಇಟ್ಟಿದ್ದ ಆ ನಾಲಿಗೆ ಬೇರೆ ಕೆಲಸಕ್ಕೂ ಬರುತ್ತದೆ ಎಂದು ನನಗೆ ಹೊಳೆದಿರಲಿಲ್ಲ. ಬೆಲ್ಲ ಬಿತ್ತು, ಮತ್ತೆ ಎಡೆ. ಉಪ್ಪು ಬಿತ್ತು, ಮತ್ತೆ ಎಡೆ. ಕೆಂಪು ಖಾರ ಬಿತ್ತು. ಮತ್ತೆ ಜಗಲಿಯ ಕಡೆ ನಡಿಗೆ. "ತಂದಿ, ಇನ್ನೊಂದೀಟ ತಡಕೋ, ಇನ್ನ ಹಸಿ ಅದ" ಎಂದು ಅತ್ತೆ ಪ್ರತಿ ಸಲವೂ ಈಶ್ವರನ ಕ್ಷಮೆ ಕೇಳಿದಳು. ವಿಷವನ್ನೇ ಕುಡಿದವನು, ಅರೆಬೆಂದ ಸಾಸಿಗೆ ಬೇಡವೆಂದಾನೆಯೇ? ಅಶ್ವಿನಿ ಗೋಡೆಗೆ ಮುಖ ಮಾಡಿ ನಗುತ್ತಿದ್ದಳು.

ರಾತ್ರಿ ಊಟಕ್ಕೆ ಎಲ್ಲರೂ ಕೂತೆವು. ವೈನಿ ಬಂದಿದ್ದಳು, ಅಣ್ಣ ಅಂಗಡಿ ಮುಚ್ಚಿ ಬಂದಿದ್ದ. ರೊಟ್ಟಿಯಿಲ್ಲದ್ದು ಊಟವಲ್ಲವಾದ್ದರಿಂದ ಪಾಸ್ತಾದ ಪಕ್ಕದಲ್ಲಿ ಕಡಕ್ ರೊಟ್ಟಿಯೂ ಇತ್ತು. ಅತ್ತೆ ಉಣ್ಣದೆ ಬಾಗಿಲಿಗೊರಗಿ ನಿಂತಿದ್ದಳು. ಆಮೇಲೆ, ನಾನು ಹುಟ್ಟಿದಂದಿನಿಂದ ಅವಳ ಬಾಯಲ್ಲಿ ಕೇಳದ ಒಂದು ಮಾತನ್ನು ಕೇಳಿದಳು.

"ಹೆಂಗಾಗ್ಯದ?"

ಅಡುಗೆ ಹೇಗಾಗಿದೆ ಎಂದು ಅವಳು ಯಾರನ್ನೂ ಕೇಳಿದವಳಲ್ಲ. ಹೇಗಾಗಿದೆಯೆಂದು ಅವಳೇ ನಮಗೆ ಹೇಳುತ್ತಿದ್ದಳು.

ಅಣ್ಣ ರೊಟ್ಟಿ ಮುರಿದು ಸಾಸಿನಲ್ಲಿ ಅದ್ದಿ ತಿಂದ. "ಟಮಾಟಿ ಚಟ್ನಿ ಭಾಳ ಚಲೋ ಆಗ್ಯದ. ನಡುವ ಈ ಕೊಳವಿ ಯಾಕ ಹಾಕೀರಿ?" ಎಂದ. ಎಲ್ಲರೂ ನಕ್ಕೆವು. ನಗುವಿನ ಭರದಲ್ಲಿ ಅಶ್ವಿನಿ, "ದೇವರು ಎಷ್ಟ ಸಲ ಉಂಡಾನ ಗೊತ್ತೇನಪ್ಪ? ಆಯಿ ಹುಳಿಗೊಮ್ಮಿ, ಉಪ್ಪಿಗೊಮ್ಮಿ, ಖಾರಕ್ಕೊಮ್ಮಿ ಎಡಿ ಹಿಡದಾಳ" ಎಂದು ಹೇಳಿಬಿಟ್ಟಳು.

ವೈನಿಯ ಕೈ ತಟ್ಟೆಯಲ್ಲೇ ನಿಂತಿತು. "ಯಾಕ್ರಿ ಅತ್ತೀರ? ನೀವು ವಾಸನಿ ಮ್ಯಾಲೇ ಮಾಡ್ತಿದ್ರಿ ಅಲ್ಲ?"

ಅತ್ತೆ ನನ್ನ ಕಡೆ ನೋಡಿದಳು. ನಾನು ಹೇಳಿಲ್ಲ ಎಂದು ತಲೆಯಾಡಿಸಿದೆ. ಅವಳು ಸೆರಗಿನಿಂದ ಕೈ ಒರೆಸಿಕೊಂಡಳು, ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡಳು. "ಮೂಗ ಹೋಗ್ಯದ ನೀಲಾ" ಎಂದಳು. ನೀಲಾ ಎಂದರೆ ವೈನಿ. "ಜ್ವರ ಬಂದಾಗಿಂದ. ತಲಿ ಸರಿ ಅದ. ಮರವು ಅಲ್ಲ ಅದು. ಏನೂ ವಾಸನಿ ಬರಂಗಿಲ್ಲ, ಅಷ್ಟೇ."

ಅಣ್ಣ ತಲೆ ತಗ್ಗಿಸಿ ರೊಟ್ಟಿಯ ಚೂರನ್ನು ಬೆರಳಲ್ಲಿ ತಿರುವುತ್ತಿದ್ದ. ಆಮೇಲೆ, "ಹಂಗಾರ ಲವಂಗದ ಹಿಂದ ಏನದ ಅಂತ ಇನ್ನ ನನ್ನ ಯಾರೂ ಕೇಳಂಗಿಲ್ಲ" ಎಂದ. ತಮಾಷೆಗೆ ಹೇಳಹೋದ ಮಾತು; ಅರ್ಧಕ್ಕೆ ಬರುವಷ್ಟರಲ್ಲಿ ಅವನ ದನಿ ಒಡೆಯಿತು.

ವೈನಿ ಎದ್ದಳು. ತಟ್ಟೆಯಲ್ಲೇ ಕೈ ತೊಳೆದು, ಅಡುಗೆಮನೆಗೆ ಹೋಗಿ, ಸೌಟು ತಂದು ಅತ್ತೆಯ ಕೈಗೆ ಕೊಟ್ಟಳು. "ನಾಳಿ ಬ್ಯಾಳಿಗಿನೂ ಹಂಗೇ ಎಡಿ ಹಿಡೀರಿ ಅತ್ತೀರ. ದೇವರು ಬ್ಯಾಡ ಅನ್ನಂಗಿಲ್ಲ. ಆದ್ರ ಗ್ಯಾಸ್ ಮಾತ್ರ..."

"ಹಚ್ಚೋದ ನೀನು, ಆರಸೋದ ನೀನು" ಎಂದಳು ಅತ್ತೆ. "ನಡುವಿಂದು ನನಗ ಬಿಡು."

ಹೀಗೆ ನಮ್ಮ ಮನೆಯ ಒಲೆಯ ಹಂಚಿಕೆ ಪಾಸ್ತಾ ತಟ್ಟೆಯ ಮುಂದೆ ತೀರ್ಮಾನವಾಯಿತು. ಆಮೇಲೆ ಅತ್ತೆಯೂ ಉಂಡಳು. ಕೊಳವೆಗಳನ್ನು ಒಂದೊಂದಾಗಿ ಪಕ್ಕಕ್ಕೆ ಸರಿಸಿ, ಸಾಸನ್ನು ಮಾತ್ರ ಅನ್ನಕ್ಕೆ ಕಲಸಿಕೊಂಡಳು.

ಎಲ್ಲರೂ ಎದ್ದ ಮೇಲೆ ಅವಳ ತಟ್ಟೆಯ ಅಂಚಿನಲ್ಲಿ ಒಂದು ಕಾಮಕಸ್ತೂರಿ ಎಲೆ ಉಳಿದಿತ್ತು. ಅದನ್ನು ಬೆರಳಲ್ಲಿ ಹೊಸಕಿ ಮೂಗಿನ ತನಕ ಒಯ್ದಳು, ನೆನಪಾಗಿ ನಿಲ್ಲಿಸಿದಳು. ಕೈ ನನ್ನ ಕಡೆ ಚಾಚಿದಳು.

"ನೀ ಮೂಸು. ಹೆಂಗದ ಹೇಳು."

ಮೂಸಿದೆ. ವಿಜ್ಞಾನದ ಒಂದು ಶಬ್ದವೂ ಬಾಯಿಗೆ ಬರಲಿಲ್ಲ.

"ನೀ ನನಗ ಹೆರಳ ಹಾಕಿ ಸಾಲಿಗಿ ಕಳಸ್ತಿದ್ದಿ ಅಲ್ಲತ್ತಿ, ಅವಾಗ ನನ್ನ ತಲಿ ಹೆಂಗ ಇರ್ತಿತ್ತು, ಹಂಗ ಅದ."

ಅತ್ತೆ ಕಣ್ಣು ಮುಚ್ಚಿಕೊಂಡಳು. ನನ್ನ ತಲೆಯನ್ನು ಹತ್ತಿರ ಎಳೆದುಕೊಂಡು, ಈಗ ಅರ್ಧ ನರೆತ ಕೂದಲಿಗೆ ಮೂಗು ಹಚ್ಚಿ, ಮೊದಲಿನ ಹಾಗೆಯೇ ಉದ್ದಕ್ಕೆ ಉಸಿರೆಳೆದಳು.

"ಹಾಂ" ಎಂದಳು. "ಬಂತ ನೋಡು."